ಕೈಲಾಗದವಳ ಪರೀಕ್ಷೆ

ಬುಧವಾರ ಮತ್ತು ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಹಗಲು ಆರೈಕೆ ಕೇಂದ್ರದ ಬಿಳಿ ವ್ಯಾನು ನಮ್ಮ ವಸತಿ ಕಟ್ಟಡದ ಕೆಳಗೆ ಬಂದು ನಿಲ್ಲುತ್ತಿತ್ತು. ಕೇಂದ್ರದಲ್ಲಿ ಎನೊಕಿ ಎಂಬ ದಪ್ಪನೆಯ ಹೆಂಗಸು ನನ್ನನ್ನು ಬಿಸಿನೀರಿನ ತೊಟ್ಟಿಗೆ ಇಳಿಸುವ ಮೊದಲು ಬೆನ್ನು ತಿಕ್ಕುತ್ತಿದ್ದಳು. ನನಗೆ ಎಂಬತ್ತಾರು. ಗಂಡ ಹೋಗಿ ಹನ್ನೊಂದು ವರ್ಷವಾಯಿತು, ಮಕ್ಕಳಾಗಲಿಲ್ಲ. ವಾರದಲ್ಲಿ ನನ್ನ ಮೈ ಮುಟ್ಟುವ ಕೈ ಅದೊಂದೇ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ವ್ಯಾಯಾಮ, ಹಾಡು, ಮೀನಿನೂಟ ಎಲ್ಲ ನೆಪ, ನಾನು ಹೋಗುತ್ತಿದ್ದುದು ಆ ಕೈಗಾಗಿ.

ಇದು ಮುಂದುವರಿಯಬೇಕಾದರೆ ಆಗಾಗ ನಗರಸಭೆಯವರು ಮನೆಗೆ ಬಂದು ನಾನೆಷ್ಟು ಕೈಲಾಗದವಳು ಎಂದು ಪರೀಕ್ಷೆ ಮಾಡಬೇಕು. ಈ ಸಲ ಹಿಂದಿನ ದಿನವೇ ಮಿಜೊಕಾಮಿ ಫೋನು ಮಾಡಿದಳು. ನನ್ನ ಆರೈಕೆಯ ಏರ್ಪಾಟೆಲ್ಲ ಅವಳದೇ.

"ಹಿಸಾನೊ-ಸಾನ್, ನಾಳೆ ದಯವಿಟ್ಟು ಜಂಬ ತೋರಿಸ್ಬೇಡಿ. ತೀರಾ ಕೆಟ್ಟ ದಿನ ಹೇಗಿರ್ತೀರೋ ಹಾಗೇ ಹೇಳಿ."

"ನಾನ್ಯಾವಾಗ ಜಂಬ ತೋರಿಸ್ದೆ?"

"ಹೋದ ಸಲ ಡಾಕ್ಟರ ಮುಂದೆ ಒಂಟಿ ಕಾಲಲ್ಲಿ ನಿಂತಿದ್ರಲ್ಲ."

ಆಯಿತು ಎಂದೆ. ಆದರೆ ಮನೆಗೆ ಒಬ್ಬರು ಬರುತ್ತಾರೆಂದರೆ ಸುಮ್ಮನಿರಲಾಗುತ್ತದೆಯೇ? ಸೊಂಟಕ್ಕೆ ನೋವಿನ ಪಟ್ಟಿ ಅಂಟಿಸಿಕೊಂಡು ಟಟಾಮಿ ಚಾಪೆಗಳನ್ನೆಲ್ಲ ಒರೆಸಿದೆ. ಮೂಲೆಯಲ್ಲಿದ್ದ ಬಟ್ಟೆಯ ರಾಶಿಯನ್ನೂ ಊರುಗೋಲನ್ನೂ ಗೋಡೆಯ ಬೀರುವಿನೊಳಗೆ ತುರುಕಿದೆ. ತುಟಿಗೆ ಬಣ್ಣ ಕೂಡ ಹಚ್ಚಿದೆ.

ಬಂದವರು ಶಿಗೆಮತ್ಸು ಎಂಬ ಐವತ್ತು ದಾಟಿದ, ತಲೆ ಬೋಳಾದ ಮನುಷ್ಯ. ನನ್ನ ಮನೆಯ ಮೆತ್ತೆಯ ಮೇಲೆ ಯಾರಾದರೂ ಕೂತು ಎಷ್ಟೋ ತಿಂಗಳಾಗಿತ್ತು. ಹಸಿರು ಚಹಾ ಕೊಟ್ಟೆ, ಸಿಹಿ ಕೊಟ್ಟೆ.

"ಇವತ್ತು ಯಾವ ತಾರೀಕು ಅಂತ ಹೇಳ್ತೀರಾ?"

"ಹನ್ನೊಂದನೇ ತಿಂಗಳು, ಹದಿನಾಲ್ಕು. ನಿಮಗೆ ಮರೆತಿದ್ರೆ ಅಲ್ಲಿ ಕ್ಯಾಲೆಂಡರ್ ಇದೆ ನೋಡ್ಕೊಳ್ಳಿ."

ಅವರು ನಕ್ಕರು. ನಾನು ಇನ್ನಷ್ಟು ಉಬ್ಬಿದೆ. ಎದ್ದು ನಿಲ್ಲಿ ಎಂದರು, ಮೇಜು ಹಿಡಿಯದೆ ಎದ್ದೆ. ಮಂಡಿಯಲ್ಲಿ ಜೀವ ಹೋದಂತಾಯಿತು, ಮುಖದಲ್ಲಿ ಮಾತ್ರ ನಗು.

"ಸ್ನಾನಕ್ಕೆ ಕೇಂದ್ರದವರ ಸಹಾಯ ಬೇಕಾಗುತ್ತಾ?"

"ಏನಿಲ್ಲ, ನಾನೇ ಮಾಡ್ಕೋತೀನಿ. ಅಲ್ಲಿಗೆ ಹೋಗೋದು ಸುಮ್ನೆ ಹೊತ್ತು ಕಳೆಯೋಕೆ. ಬೇರೆಯವರಿಗ್ಯಾಕೆ ತೊಂದರೆ ಕೊಡ್ಲಿ."

ಆ ಮಾತು ಬಾಯಿಂದ ತಾನಾಗಿಯೇ ಬಂತು. ಬುದ್ಧಿ ಬಂದಾಗಿನಿಂದ ಹೇಳಿಕೊಂಡು ಬಂದ ಮಾತು ಅದು. ಶಿಗೆಮತ್ಸು ಬರೆದುಕೊಂಡರು.

ತಿಂಗಳಾದ ಮೇಲೆ ಲಕೋಟೆ ಬಂತು. ನನಗೆ ಆರೈಕೆಯ ಅಗತ್ಯವಿಲ್ಲವಂತೆ. ಪಾಸಾಗಿ ಹಾಳಾದೆ. ಮುಂದಿನ ಬುಧವಾರ ವ್ಯಾನು ಎರಡನೇ ಮಹಡಿಯವರನ್ನು ಹತ್ತಿಸಿಕೊಂಡು ಹೋಗುವುದನ್ನು ಪರದೆಯ ಹಿಂದೆ ನಿಂತು ನೋಡಿದೆ.

ಅಂದು ಸಿಟ್ಟಿನಿಂದ ನಾನೇ ಸ್ನಾನಕ್ಕೆ ಹೊರಟೆ. ನಮ್ಮ ಕಟ್ಟಡದ ಮನೆಗಳಲ್ಲಿ ಸ್ನಾನದ ತೊಟ್ಟಿಗಳು ಆಳ, ಅಂಚು ನನ್ನ ತೊಡೆಯವರೆಗೆ ಬರುತ್ತದೆ. ಒಂದು ಕಾಲು ಒಳಗಿಟ್ಟೆ, ಇನ್ನೊಂದು ಮೇಲೇಳಲಿಲ್ಲ. ಹಿಂದಕ್ಕೂ ಬರಲಾಗದೆ, ಕುದುರೆ ಹತ್ತಿದವಳ ಹಾಗೆ ಅಂಚಿನ ಮೇಲೆ ಕೂತುಬಿಟ್ಟೆ. ನೀರು ತಣ್ಣಗಾಯಿತು. ಕೂಗಬಹುದಿತ್ತು, ಆದರೆ ಯಾರ ಹೆಸರು ಹಿಡಿದು ಕೂಗಬೇಕೆಂದು ತಿಳಿಯಲಿಲ್ಲ. ಅಲ್ಲೇ ಕೂತು ಅತ್ತೆ. ಕೊನೆಗೆ ಹೇಗೋ ಹೊರಕ್ಕೆ ಜಾರಿ ಬಿದ್ದೆ. ಸೊಂಟ ಮುರಿಯದಿದ್ದುದು ಪುಣ್ಯ. ಆಮೇಲೆ ತೊಟ್ಟಿಯ ಹತ್ತಿರ ಹೋಗಲಿಲ್ಲ.

ವಿಷಯ ತಿಳಿದು ಮಿಜೊಕಾಮಿ ಬಂದು ಚೆನ್ನಾಗಿ ಬೈದಳು, ಆಮೇಲೆ ಮರುಪರೀಕ್ಷೆಗೆ ಅರ್ಜಿ ಹಾಕಿದಳು. "ಈ ಸಲಾನೂ ನಿಜ ಹೇಳದಿದ್ರೆ ನನ್ನ ಕೈಲಿ ಏನೂ ಆಗಲ್ಲ ಅಜ್ಜಿ," ಎಂದಳು.

ಮತ್ತೆ ಶಿಗೆಮತ್ಸು ಅವರೇ ಬಂದರು. ನಾನು ಏನನ್ನೂ ಒರೆಸಿರಲಿಲ್ಲ, ಚಹಾಕ್ಕೂ ಏಳಲಿಲ್ಲ. ಹಾಗೆ ಕೂತಿರುವುದೇ ಒಂದು ಶಿಕ್ಷೆಯಾಗಿತ್ತು.

"ಸ್ನಾನ ನೀವೇ ಮಾಡ್ಕೋತೀರಾ?"

ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಮಡಿಲಲ್ಲಿ ಕೈಗಳನ್ನು ಬಿಗಿ ಹಿಡಿದೆ.

"ಆಗಲ್ಲ."

"ಕಡೇ ಸಲ ಯಾವಾಗ ಮಾಡಿದ್ದು?"

"ಇಪ್ಪತ್ಮೂರು ದಿನ ಆಯ್ತು. ಒದ್ದೆ ಬಟ್ಟೇಲಿ ಒರೆಸ್ಕೋತೀನಿ, ಬೆನ್ನಿಗೆ ಎಟಕಲ್ಲ. ವಾಸನೆ ಬರ್ತಿದ್ರೆ ಕ್ಷಮಿಸಿ."

ಇಷ್ಟು ವರ್ಷದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ. ಶಿಗೆಮತ್ಸು ತಲೆಯೆತ್ತದೆ ಬರೆದುಕೊಂಡರು. ಒಳ್ಳೆಯ ಮನುಷ್ಯ.

"ದಿನಾ ಮಾತಾಡೋಕೆ ಯಾರಾದ್ರೂ ಇದ್ದಾರಾ?"

ಯೋಚಿಸಿದೆ. ಸುಳ್ಳು ಹೇಳಬಾರದೆಂದು ಇನ್ನಷ್ಟು ಯೋಚಿಸಿದೆ.

"ಇವತ್ತು ನೀವಿದ್ದೀರಲ್ಲ."

ಅವರು ಅದನ್ನೂ ಬರೆದುಕೊಂಡರು. ಆಮೇಲೆ ಹಾಳೆ ತಿರುಗಿಸಿ ನೋಡಿ, "ಇನ್ನೂ ಇಪ್ಪತ್ತು ಪ್ರಶ್ನೆ ಇದೆ ಹಿಸಾನೊ-ಸಾನ್, ನಿಮಗೆ ಆಯಾಸ ಆಗ್ಬಾರ್ದು, ಬೇಗ ಬೇಗ ಮುಗಿಸಿಬಿಡ್ತೀನಿ," ಎಂದರು.

"ಬೇಡ," ಎಂದೆ. "ನಿಧಾನಕ್ಕೇ ಕೇಳಿ."