ಚರಗಿಯ ಪಟ

ಸರ್ಕಾರದಿಂದ ಬಂದ ಭೇದಿ ಚಿಕಿತ್ಸೆಯ ಮಾರ್ಗಸೂಚಿ ತಲೆದಿಂಬಿನಷ್ಟು ದಪ್ಪಗಿತ್ತು, ಅದೂ ಇಂಗ್ಲಿಷಿನಲ್ಲಿ. "ಇದನ್ನ ಯಾವ ತಾಯಿ ಓದ್ತಾಳ್ರೀ ಸಿಸ್ಟರ್?" ಎಂದು ನಮ್ಮ ಡಾಕ್ಟರ್ ರಘುವೀರ ಅದನ್ನು ಒಂದೇ ಹಾಳೆಗೆ ಇಳಿಸಿದರು. ಅಕ್ಷರವೇ ಇಲ್ಲದ ಪಟ: ಭೇದಿಯಾಗುತ್ತಿರುವ ಕೂಸು, ಓಆರ್‌ಎಸ್ ಪುಡಿಯ ಪೊಟ್ಟಣ, ಪುಡಿ ಕಲಸಲು ಒಂದು ಚರಗಿ ನೀರು. ಎಲ್ಲರ ಮನೆಯಲ್ಲೂ ಇರುವ, ಹೆಚ್ಚುಕಡಿಮೆ ಲೀಟರ್ ಹಿಡಿಯುವ ಪಾತ್ರೆ ಅದೇ ತಾನೆ? ಮದುಮಗನನ್ನು ಮೆರೆಸಿದಂತೆ ಆ ಪಟವನ್ನು ಊರೂರಿಗೆ ಮೆರೆಸಿದೆವು.

ತೊಂಬತ್ತಾರರ ಮಳೆಗಾಲದಲ್ಲಿ ಹಳ್ಳಿ ತಿರುಗಾಟಕ್ಕೆಂದು ಡಾಕ್ಟರೂ ನಾನೂ ಕುರಕುಂಟಾಕ್ಕೆ ಹೋದಾಗ, ಸಾಬಮ್ಮನ ವರ್ಷದ ಮಗ ಭೀಮು ಬಾಡಿದ ಸೊಪ್ಪಿನ ಹಾಗೆ ಅವಳ ತೊಡೆಯ ಮೇಲೆ ಬಿದ್ದಿದ್ದ. ಕಣ್ಣು ಗುಳಿ ಬಿದ್ದಿದ್ದವು. ಗೋಡೆಯ ಮೇಲೆ ನಮ್ಮ ಪಟವಿತ್ತು, ಕೆಳಗೆ ಖಾಲಿ ಪೊಟ್ಟಣಗಳಿದ್ದವು.

"ಪುಡಿ ಕೊಟ್ಟಿಲ್ಲೇನು?" ನನ್ನ ದನಿ ಏರಿತು.

"ಪಟದಾಗ ಹ್ಯಾಂಗದ ಹಾಂಗೇ ಮಾಡಾಕತ್ತೀನ್ರೀ ಅಕ್ಕೋರ. ಪೋರ ಕೆಡಸಿಕೊಂಡಾಗೊಮ್ಮೆ ಚರಗಿದಾಗ ಪುಡಿ ಕಲಸಿ, ಅದೇ ನೀರಿಲೆ ಕುಂಡಿ ತೊಳದೀನಿ. ಒಂದ್ ಸಲನೂ ಬಿಟ್ಟಿಲ್ಲ."

ನಮ್ಮ ಕಡೆ ಯಾರಾದರೂ ಚರಗಿ ತೆಗೆದುಕೊಂಡು ಹೊರಟರೆ ಎಲ್ಲಿಗೆ ಎಂದು ಕೇಳುವವರಿಲ್ಲ. ಕುಡಿಯುವ ನೀರಿನ ಚರಗಿ ಬೇರೆಯೇ ಇರುತ್ತದೆ, ನಿಜ. ಆದರೆ ಭೇದಿಯ ಕೂಸಿನ ಪಕ್ಕದಲ್ಲಿ ಚರಗಿ ಬರೆದರೆ ತಾಯಿಗೆ ನೆನಪಾಗುವುದು ಬಯಲಕಡೆಗೆ ಒಯ್ಯುವ ಚರಗಿಯೇ. ನಗಬೇಕೋ ಅಳಬೇಕೋ ತಿಳಿಯದೆ ಸಿಟ್ಟು ಬಂತು, ಬೈಯಲು ಬಾಯಿ ತೆರೆದೆ.

ಡಾಕ್ಟರ್ ಕೈ ಅಡ್ಡ ಹಿಡಿದರು. "ನಿಂದೇನೂ ತಪ್ಪಿಲ್ಲ ತಂಗಿ. ಕುಡಸೂದನ್ನ ನಾನೇ ಬರದಿಲ್ಲ," ಎಂದು ನೆಲದ ಮೇಲೆ ಕುಳಿತುಬಿಟ್ಟರು.

ಕುಡಿಯುವ ನೀರಿನ ಚರಗಿ ತೊಳೆದು, ಹೊಸ ಪೊಟ್ಟಣ ಕಲಸಿ, ಚಮಚದಿಂದ ಗುಟುಕು ಗುಟುಕಾಗಿ ಕುಡಿಸತೊಡಗಿದೆವು. ಒಳಗೆ ನಿಂತರೆ ಸರಿ, ಇಲ್ಲವಾದರೆ ಸಲೈನ್ ಹಚ್ಚಿಸಲು ಸೇಡಂ ಆಸ್ಪತ್ರೆಗೆ ಓಡಬೇಕು. ಅಲ್ಲಿಯವರೆಗೆ ಜೀವ ತಡೆಯಬೇಕು. ಮೊದಲು ಕುಡಿದದ್ದೆಲ್ಲ ವಾಂತಿಯಾಯಿತು. ಸ್ವಲ್ಪ ಬಿಟ್ಟು ಮತ್ತೆ ಕುಡಿಸಿದೆವು.

"ನನ್ನ ಕೈಲೇ ಪೋರಗ ಕೆಡಕು ಆತೇನ್ರೀ ಸಾಹೇಬ್ರ?" ಎಂದಳು ಸಾಬಮ್ಮ.

ಡಾಕ್ಟರ್ ಹಾಳೆ ತೆಗೆದು ಅವಳನ್ನೇ ನೋಡುತ್ತ ಬರೆದರು: ತೊಡೆಯ ಮೇಲೆ ಮಗು, ತೆರೆದ ಬಾಯಿ, ತುಟಿಗೆ ಹಿಡಿದ ಚಮಚ. ಅವಳ ಮುಂದೆ ಹಿಡಿದು, "ಇದೇನು ಹೇಳು?" ಎಂದರು.

"ನಾ ಮಗಗ ಕುಡಸಾಕತ್ತೀನಿ."

"ಹಾಂ. ಇನ್ನ ಯಾವ ತಾಯಿನೂ ತಪ್ಪಂಗಿಲ್ಲ. ನಿನ್ನ ಕೈಲೆ ಆಗಿದ್ದು ಇದು."

ಹೊತ್ತು ಇಳಿಯುತ್ತಿತ್ತು. ಡಾಕ್ಟರ್ ಭೀಮುವನ್ನು ಎತ್ತಿಕೊಂಡು ಕಣ್ಣು ನೋಡುತ್ತಿದ್ದರು. ಬೆಳಗಿನಿಂದ ಒಂದು ಹನಿ ಉಚ್ಚೆ ಹೊಯ್ಯದ ಹುಡುಗ ಅವರ ಅಂಗಿಯ ಮೇಲೂ ಹೊಸ ಪಟದ ಮೇಲೂ ಧಾರಾಳವಾಗಿ ಹೊಯ್ದ. ಸಾಬಮ್ಮ ಗಾಬರಿಯಾಗಿ ಸೆರಗು ಹಿಡಿದು ಓಡಿಬಂದಳು.

"ಒರಸಬ್ಯಾಡ, ಹೊಯ್ಲಿ ಬಿಡು!" ಎಂದು ಡಾಕ್ಟರ್ ಕೂಗಿದರು.

ಉಚ್ಚೆ ಬಂತೆಂದರೆ ಕೂಸಿನ ಒಳಗೆ ನೀರು ನಿಂತಿತು, ಗಂಡಾಂತರ ದಾಟಿತು ಎಂದು ಅವಳಿಗೆ ಬಿಡಿಸಿ ಹೇಳಲು ಹೋದ ನಾನು ಹೇಳಲಾಗದೆ ಅತ್ತುಬಿಟ್ಟೆ. ಡಾಕ್ಟರ್ ತೊಯ್ದ ಅಂಗಿಯಲ್ಲೇ ಇನ್ನೊಂದು ಹಾಳೆ ತೆಗೆದರು.

"ಚಮಚಾ ಹಿಡಿ ತಂಗಿ, ಮತ್ತೊಮ್ಮೆ ಬರೀತೀನಿ."