ಕತ್ತರಿಸಿದ ಚರಣ

ದಿನಕ್ಕೆ ಅರವತ್ತು ತೆಂಗಿನಕಾಯಿ. ಬೆಳಿಗ್ಗೆ ಆರರಿಂದ ಹನ್ನೊಂದರ ಒಳಗೆ ಅಷ್ಟನ್ನೂ ಅಕ್ಕು ಒಬ್ಬಳೇ ತುರಿಯಬೇಕು. ಥಾಣೆಯ ವರ್ತಕ ನಗರದ ಆ ಹೋಟೆಲಿಗೆ ರುಬ್ಬುವ ಯಂತ್ರ ಬಂದಿತ್ತು, ತರಕಾರಿ ಹೆಚ್ಚುವ ಯಂತ್ರ ಬಂದಿತ್ತು. ತುರಿಯುವುದಕ್ಕೂ ಒಂದು ಬಂದಿತ್ತು. ಅದರಲ್ಲಿ ತುರಿದರೆ ಕರಟದ ಚೂರು ಚಟ್ನಿಗೆ ಬೀಳುತ್ತದೆಂದು ಧಣಿ ವಸಂತಕುಮಾರರು ಅದನ್ನು ಮೂಲೆಗೆ ಇಡಿಸಿದ್ದರು. ಅಕ್ಕುವಿನ ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಅದರ ಗೆರೆಗಳೆಲ್ಲ ಸವೆದುಹೋಗಿವೆ. ಹಾಜರಿಯ ಯಂತ್ರಕ್ಕೆ ಅವಳ ಬೆರಳಿನ ಗುರುತೇ ಸಿಗುವುದಿಲ್ಲ. ಅವಳ ಹಾಜರಿಯನ್ನು ಕೌಂಟರಿನಲ್ಲಿ ಕೂರುವ ಪೂಜಿತಾ ಕೈಯಲ್ಲಿ ಬರೆದುಕೊಳ್ಳುತ್ತಾಳೆ.

ತುರಿಮಣೆಯ ಮೇಲೆ ಕೂತರೆ ಅಕ್ಕು ಹಾಡುತ್ತಾಳೆ. ರಾಗ ಅವಳ ತಾಯಿ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೇಳುತ್ತಿದ್ದದ್ದು. ಮಾತು ಅಕ್ಕುವಿನದೇ, ತುಳುವಿನಲ್ಲಿ. ಅಡುಗೆಮನೆಯಲ್ಲಿ ಈಗ ಇರುವವರು ಬಿಹಾರದವರು, ನೇಪಾಳದವರು, ಪಾಲ್ಘರ್ ಕಡೆಯವರು. ಯಾರಿಗೂ ಒಂದು ಶಬ್ದ ತಿಳಿಯುವುದಿಲ್ಲ. ತಿಳಿಯುವುದಿಲ್ಲ ಎಂದೇ ಅವಳು ಗಟ್ಟಿಯಾಗಿ ಹಾಡುತ್ತಿದ್ದಳು. ಧಣಿ ಹೆಚ್ಚಾಗಿ ಸೀವುಡ್ಸ್‌ನ ದೊಡ್ಡ ಹೋಟೆಲಿನಲ್ಲೇ ಇರುತ್ತಿದ್ದರು. ಇಲ್ಲಿಗೆ ಬಂದರೂ ಅಡುಗೆಮನೆಯ ಒಳಗೆ ಕಾಲಿಡುತ್ತಿರಲಿಲ್ಲ.

ಕಾಲಿಟ್ಟವನು ಅವರ ಮಗ ಸಮಿತ್. ಇಪ್ಪತ್ತನಾಲ್ಕು ವರ್ಷ. ಐರೋಲಿಯ ಒಂದು ಕಂಪನಿಯಲ್ಲಿ ಎಂಟು ತಿಂಗಳು ಕೆಲಸ ಮಾಡಿ ಬಿಟ್ಟಿದ್ದ. ಹೋಟೆಲಿನ ಮೇಲಿನ ಗೋದಾಮಿನಲ್ಲಿ ಗೋಡೆಗೆಲ್ಲ ಸ್ಪಂಜು ಹೊಡೆಸಿ ಅಲ್ಲೇ ಹಾಡು ಕಟ್ಟುತ್ತಿದ್ದ. ತಾಯಿ ಮರಾಠಿಯವರು, ಮನೆಯಲ್ಲಿ ಮರಾಠಿ, ಹಿಂದಿ. ಕನ್ನಡ ಅರ್ಥವಾಗುತ್ತಿತ್ತು, ಅಲ್ಪಸ್ವಲ್ಪ ಆಡುತ್ತಲೂ ಇದ್ದ; ತುಳು ಅಷ್ಟಕ್ಕಷ್ಟೆ. ಕಾಫಿಗೆಂದು ಬಂದವನು ತುರಿಮಣೆಯ ಹತ್ತಿರ ನಿಂತುಬಿಟ್ಟ.

"ಮೌಶಿ, ಯೇ ಕ್ಯಾ ಗಾ ರಹೀ ಹೋ?"

ಅಕ್ಕು ಗಾಬರಿಯಾಗಿ ನಿಲ್ಲಿಸಿದಳು. "ಎಂತದ್ದೂ ಇಲ್ಲ ಬಾಬಾ. ಊರಿನ ಹಾಡು."

"ಫಿರ್ ಸೇ ಗಾವೋ ನ."

ಇನ್ನೊಮ್ಮೆ ಹಾಡು ಎಂದು ಅವಳಿಗೆ ಯಾರೂ ಈವರೆಗೆ ಹೇಳಿರಲಿಲ್ಲ. ಮೂರು ದಿನ ಅವನು ಅವಳನ್ನು ಗೋದಾಮಿಗೆ ಕರೆದೊಯ್ದು ಹಾಡಿಸಿದ. ಕಿವಿಗೆ ಹೆಡ್‌ಫೋನ್ ಹಾಕಿದ. ತನ್ನ ದನಿ ಅಷ್ಟು ಹತ್ತಿರದಿಂದ ಕೇಳಿದಾಗ ಅಕ್ಕು ತಿರುಗಿ ಹಿಂದೆ ನೋಡಿದಳು. ಇವನಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯ ಒಂದು ಕಡೆ. ಅರ್ಥವಾಗಲಿ ಎಂಬ ಆಸೆಯೂ ಇತ್ತೇನೋ, ಅದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ಎರಡು ತಿಂಗಳ ಮೇಲೆ ಸಮಿತ್ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಬಂದ. ವಿಡಿಯೊ ತಯಾರಾಗಿತ್ತು. ಆದಿತ್ಯವಾರ ಸೀವುಡ್ಸ್‌ನಲ್ಲಿ 'ಕರಾವಳಿ ಬಳಗ'ದವರ ಕಾರ್ಯಕ್ರಮ. ಸ್ವಂತವಾಗಿ ಹಾಡು ಮಾಡುವ ನಾಲ್ವರು ಹೊಸಬರನ್ನು, ಅವರ ವಿಡಿಯೊಗಳನ್ನು ಊರಿನ ಜನರಿಗೆ ಪರಿಚಯಿಸುತ್ತಾರೆ. ಅಲ್ಲೇ ಬಿಡುಗಡೆ. ಅದಕ್ಕೂ ಮೊದಲು ನಿಮಗೆ, ಎಂದ ಸಮಿತ್.

ಎಲ್ಲರೂ ಸುತ್ತ ನಿಂತರು. ಪೂಜಿತಾ ಕೌಂಟರಿನಿಂದ ಎದ್ದು ಬಂದಳು. ಐರೋಲಿ ಸೇತುವೆಯ ಹತ್ತಿರ ಹಿನ್ನೀರಿನ ಖಾಡಿಯ ಕೆಸರಿನಲ್ಲಿ ದಿಶಾ ಎಂಬ ತೆಳ್ಳಗಿನ ಹುಡುಗಿ ಕೆಂಪು ಸೀರೆ ಉಟ್ಟು ನಿಂತಿದ್ದಳು. ಬಾಯಿ ಅವಳದು ಆಡುತ್ತಿತ್ತು, ದನಿ ಅಕ್ಕುವಿನದು ಬರುತ್ತಿತ್ತು. ಕೈಯಲ್ಲಿ ಹೂವಿನ ಹಾರ. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು.

"ಎಂತ ಬರ್ದಿದ್ದಾರೆ ಕೆಳಗೆ?" ಅಕ್ಕು ಪೂಜಿತಾಳ ಕಿವಿಯಲ್ಲಿ ಕೇಳಿದಳು.

"ಮದುಮಗಳು ಹಾರ ಹಿಡ್ಕೊಂಡು ದೋಣಿಗೆ ಕಾಯ್ತಾ ಇದ್ದಾಳೆ ಅಂತ."

"ಯಾವ ಮದುಮಗಳು?"

ಪೂಜಿತಾ ಬೆಳ್ಮಣ್ಣಿನವಳು, ತುಳು ಅವಳ ಮನೆಮಾತು. ಥಾಣೆಗೆ ಬಂದು ಮೂರು ವರ್ಷ. ಕೌಂಟರಿನವರೆಗೆ ಅಕ್ಕುವಿನ ರಾಗ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಇವತ್ತು ಮೊದಲ ಸಲ ಮಾತು ಕಿವಿಗೆ ಬಿದ್ದಿತ್ತು.

"ಅಕ್ಕಾ, ಇದು ದೋಣಿಯ ಹಾಡಲ್ಲ. ಸಿಲಿಂಡರಿನದ್ದು. ವನಮಾಲಾ ಅಂದ್ರೆ ಯಾರು?"

"ನನ್ನ ತಂಗಿ."

ವಿಡಿಯೊ ಮುಗಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಕೊನೆಗೆ ಬಂದ ಹೆಸರುಗಳನ್ನು ಪೂಜಿತಾ ಓದಿದಳು. ಸಂಗೀತ ಸಮಿತ್. ನಟನೆ ದಿಶಾ. ಕ್ಯಾಮೆರಾದವನ ಹೆಸರಿತ್ತು, ಸೀರೆ ಕೊಟ್ಟ ಅಂಗಡಿಯ ಹೆಸರಿತ್ತು. ಮಾತು: ಜನಪದ.

ಹಿಂದಿನ ಓಣಿಯಲ್ಲಿ ಖಾಲಿ ಕ್ರೇಟಿನ ಮೇಲೆ ಕೂತು ಅಕ್ಕು ಪೂಜಿತಾಳಿಗೆ ಎಲ್ಲ ಹೇಳಿದಳು. ಹತ್ತೊಂಬತ್ತು ವರ್ಷದ ಹಿಂದೆ ಧಣಿಯ ಹೋಟೆಲು ಡೊಂಬಿವಲಿಯಲ್ಲಿತ್ತು. ಅಕ್ಕ ತಂಗಿ ಇಬ್ಬರೂ ಅಲ್ಲೇ ಕೆಲಸಕ್ಕಿದ್ದರು. ಒಂದು ಶುಕ್ರವಾರ ಸಿಲಿಂಡರಿನಿಂದ ಗ್ಯಾಸಿನ ವಾಸನೆ ಬರತೊಡಗಿತು. ವನಮಾಲಾ ಹೋಗಿ ಧಣಿಗೆ ಹೇಳಿದಳು. ಶನಿವಾರ ಇನ್ನೊಮ್ಮೆ ಹೇಳಿದಳು. ಒದ್ದೆ ಗೋಣಿ ಹೊದಿಸಿ ಕೆಲಸ ನೋಡು, ಸೋಮವಾರ ಬೇರೆ ಬರ್ತದೆ ಎಂದರು. ಆದಿತ್ಯವಾರ ಬೆಳಿಗ್ಗೆ ವನಮಾಲಾ ಒಲೆ ಹಚ್ಚಿದಳು.

"ಮತ್ತೆ ಕೇಸ್ ಆಗ್ಲಿಲ್ವಾ?"

"ಒಂದು ಕಾಗದ ತಂದ್ರು. ನನ್ನ ಹೆಬ್ಬೆಟ್ಟು ಒತ್ತಿಸಿದ್ರು. ಹೆಣ ಬಿಟ್ಟುಕೊಡ್ಲಿಕ್ಕೆ ಅಂದ್ರು ಧಣಿ. ಸೀರೆಯ ಸೆರಗು ಅವಳದ್ದೇ ಅಜಾಗ್ರತೆಯಿಂದ ಒಲೆಗೆ ತಾಗಿತು ಅಂತ ಅದರಲ್ಲಿ ಬರ್ದದ್ದು ನನಗೆ ಗೊತ್ತಾದ್ದು ಆರು ತಿಂಗಳ ಮೇಲೆ."

ಅಕ್ಕು ಎದ್ದು ಸೀದಾ ಗೋದಾಮಿನ ಮೆಟ್ಟಿಲು ಹತ್ತಿದಳು. ಇಷ್ಟು ವರ್ಷದಲ್ಲಿ ಕರೆಯದೆ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಬಾಬಾ, ನನ್ನ ಹೆಸರು ಎಲ್ಲಿ?"

ಸಮಿತ್ ನಕ್ಕ. ಕೆಟ್ಟ ನಗೆಯಲ್ಲ. "ಮೌಶಿ, ಯೇ ತೋ ಫೋಕ್ ಹೈ. ಜನಪದ. ಕಿಸೀ ಕಾ ನಹೀ ಹೋತಾ, ಯಾರದ್ದೂ ಅಲ್ಲ. ನೀವೇ ಹೇಳಿದ್ದು ಊರಿನ ಹಾಡು ಅಂತ."

"ರಾಗ ಊರಿನದ್ದು. ಮಾತು ನಂದು. ನಾನೇ ಕಟ್ಟಿದ್ದು."

"ಸಬ್ ಐಸೇ ಹೀ ಬೋಲ್ತೇ ಹೈ." ಎಲ್ಲರೂ ಹೀಗೇ ಹೇಳುವುದು ಎಂದ.

"ಜನಪದ ಅಂದ್ರೆ ಜನ ಹೇಳಿದ್ದು ಅಲ್ವಾ ಬಾಬಾ? ನಾನು ಜನದಲ್ಲಿ ಇಲ್ವಾ?"

ಅವನು ಲ್ಯಾಪ್‌ಟಾಪ್ ಕಡೆ ತಿರುಗಿದ. ನಿಮ್ಮ ಹೆಸರು ಥ್ಯಾಂಕ್ಸ್‌ನಲ್ಲಿ ಹಾಕ್ತೇನೆ ಎಂದ.

"ಅರ್ಥ ಗೊತ್ತುಂಟಾ ನಿಮಗೆ?"

"ವನಮಾಲಾ, ಮತ್ಲಬ್ ಹಾರ. ಬ್ರೈಡ್ ವೇಟ್ ಕರ್ ರಹೀ ಹೈ..."

"ಅಪ್ಪನ ಹತ್ರ ಕೇಳಿ," ಎಂದಳು ಅಕ್ಕು. ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದಳು.

ಮರುದಿನ ಬೆಳಿಗ್ಗೆ ಏಳಕ್ಕೆ ವಸಂತಕುಮಾರರು ಅಡುಗೆಮನೆಗೆ ಬಂದರು. ತರಕಾರಿಯ ಟೆಂಪೊ ಖಾಲಿ ಮಾಡಿ ಎಂದು ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ಅಕ್ಕು ತುರಿಯುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ವರ್ಷದಿಂದ ಹಾಡ್ತಾ ಇದ್ದಿ ಅದನ್ನು?"

"ಹತ್ತೊಂಬತ್ತು."

"ನನ್ನ ಅಡುಗೆಮನೆಯಲ್ಲಿ ಕೂತು."

"ನನಗೆ ಬೇರೆ ಅಡುಗೆಮನೆ ಎಲ್ಲುಂಟು ಧಣಿ?"

ಅವರು ದನಿ ಏರಿಸಲಿಲ್ಲ. ಅವರು ಯಾರ ಮೇಲೂ ದನಿ ಏರಿಸುವವರಲ್ಲ. "ನೋಡು ಅಕ್ಕು. ಹುಡುಗ ನಿನ್ನೆ ನನಗೆ ಹಾಡು ಕೇಳಿಸಿದ. ಅವನಿಗೆ ಎಂತದ್ದೂ ಗೊತ್ತಿಲ್ಲ. ಹಾಡು ಉದ್ದ ಆಯ್ತು, ನಡುವಿನ ಚರಣ ತೆಗಿ ಅಂತ ಹೇಳಿದ್ದೇನೆ. ಅಷ್ಟಕ್ಕೆ ಮುಗೀತು. ಆದಿತ್ಯವಾರ ನೀನು ಸೀವುಡ್ಸ್ ಕಡೆ ಬರ್ಬೇಡ."

ಅಕ್ಕು ಇನ್ನೊಂದು ಹೋಳು ಕೈಗೆತ್ತಿಕೊಂಡಳು.

"ಆವತ್ತು ನಿನ್ನನ್ನು ಬೀದಿಗೆ ಬಿಡ್ಬಹುದಿತ್ತು. ಬಿಟ್ಟೆನಾ? ಈ ಕೆಲಸ ನಿನಗೆ ಯಾರು ಕೊಟ್ಟದ್ದು?"

"ವನಮಾಲಾ," ಎಂದಳು ಅಕ್ಕು.

ಧಣಿ ಹೊರಗೆ ಹೋಗಿ ಟೆಂಪೊದವನ ಹತ್ತಿರ ಟೊಮೆಟೊ ಮೆತ್ತಗಾಗಿದೆ ಎಂದು ಜಗಳ ತೆಗೆದರು.

ಆದಿತ್ಯವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿಯುವ ಮೊದಲೇ ಅಕ್ಕು ಕೈ ತೊಳೆದುಕೊಂಡಳು. ಪೂಜಿತಾ ಕೌಂಟರು ಬಿಟ್ಟು ಹಿಂದೆಯೇ ಬಂದಳು. "ನೀನು ಬರ್ಬೇಡ ಮಾರಾಯ್ತಿ, ನಿನ್ನ ಕೆಲಸ ಹೋಗ್ತದೆ," ಎಂದಳು ಅಕ್ಕು. "ನಿಮಗೆ ಸ್ಟೇಷನ್ ಹೆಸರು ಓದ್ಲಿಕ್ಕೆ ಬರ್ತದಾ?" ಎಂದಳು ಪೂಜಿತಾ.

ಥಾಣೆಯಿಂದ ಪನ್ವೇಲ್ ಗಾಡಿ. ಕೂರಲು ಜಾಗವಿದ್ದರೂ ಅಕ್ಕು ಕೂರಲಿಲ್ಲ. ಬಾಗಿಲ ಕಂಬ ಹಿಡಿದು ನಿಂತಳು, ಒಳಗೆ ಬಂದಳು, ಮತ್ತೆ ಬಾಗಿಲಿಗೆ ಹೋದಳು. ಐರೋಲಿ ದಾಟಿತು. ತುರ್ಭೆಯಲ್ಲಿ ಗಾಡಿ ನಿಂತಾಗ, "ಇಳಿಯುವಾ," ಎಂದಳು.

"ಇಳಿದು?"

"ಗೊತ್ತಿಲ್ಲ."

ಗಾಡಿ ಹೊರಟಿತು.

ಸಭಾಂಗಣ ತುಂಬಿತ್ತು. ಉಡುಪಿ, ಕಾರ್ಕಳ, ಬಂಟ್ವಾಳ, ಪುತ್ತೂರಿನಿಂದ ಬಂದು ಈ ಊರುಗಳಲ್ಲಿ ನೆಲೆಯಾದವರು, ಹೋಟೆಲಿನವರು, ಬ್ಯಾಂಕಿನವರು, ಅವರ ಮಕ್ಕಳು. ಎದುರಿನ ಸಾಲಿನಲ್ಲಿ ವಸಂತಕುಮಾರರು. ಅಕ್ಕು, ಪೂಜಿತಾ ಹಿಂದಿನ ಗೋಡೆಗೆ ಒರಗಿ ನಿಂತರು. ನಿರೂಪಕಿ ಜಯಲತಾ ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ಪರಿಚಯಿಸಿದರು. ಯಾವ ಕಂಪನಿಯ ಬೆಂಬಲವೂ ಇಲ್ಲದೆ ತಮ್ಮದೇ ಹಾಡು ಹಾಡುವ ಮಕ್ಕಳು ಇವರು ಎಂದರು. ಮೂರನೆಯವನು ಸಮಿತ್.

"ಈ ಹಾಡು ನಿಮಗೆ ಎಲ್ಲಿ ಸಿಕ್ಕಿತು?" ಜಯಲತಾ ಕೇಳಿದರು.

ಸಮಿತ್ ಎದುರಿನ ಸಾಲಿನ ಕಡೆ ನೋಡಿದ. "ಮೇರೀ ದಾದಿ ಗಾತೀ ಥೀ," ಎಂದ. ಅಜ್ಜಿ ಹಾಡುತ್ತಿದ್ದರಂತೆ. ಜನ ಚಪ್ಪಾಳೆ ಹೊಡೆದರು.

ದೀಪ ಆರಿಸಿ ವಿಡಿಯೊ ಹಾಕಿದರು. ಅಷ್ಟು ದೊಡ್ಡ ಪರದೆ, ಅಷ್ಟು ದೊಡ್ಡ ದನಿ. 'ವನಮಾಲಾ, ಎಲ್ಲಿ ಹೋದೆ' ಎಂದು ಅಕ್ಕುವಿನ ಗಂಟಲು ಕರೆಯಿತು. ಮುಂದಿನ ಚರಣ ಬರಬೇಕಾದ ಕಡೆ ಡೋಲು, ಗಿಟಾರು. ದಿಶಾ ಕೆಸರಿನಲ್ಲಿ ತಿರುಗಿ ತಿರುಗಿ ಕುಣಿದಳು. ಆಮೇಲೆ ಮತ್ತೆ ಅದೇ ಕರೆ.

ದೀಪ ಹತ್ತಿತು. ಸಮಿತ್ ಅವರ ಹತ್ತಿರ ಯಾರಿಗಾದರೂ ಏನಾದರೂ ಕೇಳಲಿಕ್ಕಿದ್ದರೆ ಕೇಳಬಹುದು ಎಂದರು ಜಯಲತಾ.

"ನಡುವಿನದ್ದು ಎಲ್ಲಿ?" ಹಿಂದಿನಿಂದ ಅಕ್ಕು ಕೇಳಿದಳು.

ಎಲ್ಲರೂ ತಿರುಗಿದರು. ಅವಳು ಕುರ್ಚಿಗಳ ನಡುವಿನ ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದು ನಿಂತಳು. ಕಣ್ಣು ಮುಚ್ಚಿ ಹಾಡಿದಳು. ಎಕ್ಸಾಸ್ಟ್ ಫ್ಯಾನಿನ ಸದ್ದಿನ ಮೇಲೆ ಹಾಡಿ ಬಲಿತ ಗಂಟಲು, ಮೈಕು ಬೇಕಾಗಲಿಲ್ಲ. ಆ ತುಳು ಮಾತಿನ ಅರ್ಥ ಇಷ್ಟು:

ಶುಕ್ರವಾರ ಸಿಲಿಂಡರಿನ ವಾಸನೆ ಬಂತು, ವನಮಾಲಾ, ನೀನು ಹೇಳಿದೆ
ಶನಿವಾರ ವಾಸನೆ ಬಂತು, ಧಣಿಗೆ ಹೋಗಿ ಹೇಳಿದೆ
ಒದ್ದೆ ಗೋಣಿ ಹೊದಿಸೆಂದರು, ಸೋಮವಾರ ನೋಡುವಾ ಎಂದರು
ಆದಿತ್ಯವಾರ ಅದೇ ಗೋಣಿ ನಿನ್ನ ಮೇಲೆ ಹೊದಿಸಿದರು

ಥಾಣೆಯ ಅಡುಗೆಮನೆಯಲ್ಲಿ ಯಾರಿಗೂ ತಿಳಿಯದ ಮಾತು ಈ ಸಭೆಯಲ್ಲಿ ಎಲ್ಲ ಹಿರಿಯರಿಗೂ ತಿಳಿಯಿತು. ಆಮೇಲೆ ಮಕ್ಕಳು ಕೇಳತೊಡಗಿದರು, "ಮಮ್ಮಿ, ಕ್ಯಾ ಬೋಲ್ ರಹೀ ಹೈ?" ತಾಯಂದಿರು ತಗ್ಗಿದ ದನಿಯಲ್ಲಿ ಹಿಂದಿಯಲ್ಲಿ, ಮರಾಠಿಯಲ್ಲಿ ಹೇಳತೊಡಗಿದರು. ವೇದಿಕೆಯ ಮೇಲೆ ಸಮಿತ್ ಕೂಡ ಜಯಲತಾರನ್ನು ಕೇಳಿದ. ಅವರು ಅವನ ಕಿವಿಯಲ್ಲಿ ಒಂದೊಂದೇ ಸಾಲು ಹೇಳಿದರು. ಕೈಯ ಮೈಕು ಬಂದ್ ಆಗಿರಲಿಲ್ಲ. ಗೋಣಿ, ಸೋಮವಾರ, ಸಿಲಿಂಡರು ಎಲ್ಲವೂ ನಾಲ್ಕು ಮೂಲೆಯ ಸ್ಪೀಕರಿನಿಂದ ಹಿಂದಿಯಲ್ಲಿ ಬಂತು.

ವಸಂತಕುಮಾರರು ಎದ್ದರು. "ಇವಳು ನಮ್ಮ ಅಡುಗೆಮನೆಯವಳು. ತಲೆ ಸರಿ ಇಲ್ಲ ಪಾಪ. ಹೊರಗೆ ಕರ್ಕೊಂಡು ಹೋಗಿ."

ಬಳಗದ ಇಬ್ಬರು ಯುವಕರು ಬಂದು ಅಕ್ಕುವಿನ ತೋಳು ಹಿಡಿದರು. ಪೂಜಿತಾ ಅವರ ಕೈ ಕಿತ್ತುಹಾಕಲು ನೋಡಿದಳು. ಆಗ ನಡುವಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದು ನಿಂತ. ಎದುರಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

"ಅವಳನ್ನು ಮುಟ್ಬೇಡಿ," ಎಂದ. "ನಾನು ಪುಂಡರೀಕಾಕ್ಷ. ಆವಾಗ ಡೊಂಬಿವಲಿ ಹೋಟೆಲಿನಲ್ಲಿ ದೋಸೆ ಹಾಕ್ತಾ ಇದ್ದೆ. ಈಗ ಕಲ್ಯಾಣದಲ್ಲಿ ಮಗನ ಮನೆಯಲ್ಲಿದ್ದೇನೆ." ಅವನು ಅಕ್ಕುವಿನ ಕಡೆ ತಿರುಗಿದ. "ಆ ಗೋಣಿ ಒದ್ದೆ ಮಾಡಿ ಕೊಟ್ಟದ್ದು ನಾನು."

ತೋಳು ಹಿಡಿದವರು ಬಿಟ್ಟರು. ಸಮಿತ್ ಅಪ್ಪನನ್ನೇ ನೋಡುತ್ತಿದ್ದ. ಅಪ್ಪ ಅವನ ಕಡೆ ನೋಡಲಿಲ್ಲ; ಮೊಬೈಲು ಕಿವಿಗಿಟ್ಟುಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ನಡೆದರು. ನಾಲ್ಕನೆಯ ಹಾಡಿನ ಹುಡುಗಿ ಗಿಟಾರು ಹಿಡಿದು ವೇದಿಕೆಯ ಪಕ್ಕದಲ್ಲಿ ಹಾಗೇ ನಿಂತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ.

ಮಾರನೆಯ ದಿನ ಹೋಟೆಲಿನ ಹಿಂದಿನ ಬಾಗಿಲಿನಲ್ಲಿ ವಾಚ್‌ಮನ್ ಅಕ್ಕುವನ್ನು ತಡೆದ. ಪೂಜಿತಾಳನ್ನೂ ತಡೆದ. ಸಂಜೆಯೊಳಗೆ ಹಾಡು ಇಂಟರ್‌ನೆಟ್ಟಿನ ಎಲ್ಲ ಕಡೆಯಿಂದ ಮಾಯವಾಗಿತ್ತು. ಸಮಿತ್ ಫೋನು ಎತ್ತಲಿಲ್ಲ. ಎರಡು ದಿನ ಬಿಟ್ಟು ಅವನಿಂದ ಪೂಜಿತಾಳ ಮೊಬೈಲಿಗೆ ಗೋದಾಮಿನಲ್ಲಿ ತೆಗೆದ ಪೂರ್ತಿ ರೆಕಾರ್ಡಿಂಗ್ ಬಂತು. ಜೊತೆಗೆ ಒಂದು ಮಾತೂ ಇರಲಿಲ್ಲ.

ಗುರುವಾರ ಅಕ್ಕು, ಪೂಜಿತಾ, ಪುಂಡರೀಕಾಕ್ಷ ಮೂವರೂ ಡೊಂಬಿವಲಿಯ ಪೊಲೀಸ್ ಠಾಣೆಗೆ ಹೋದರು. ಬೆಳಿಗ್ಗೆ ಹತ್ತಕ್ಕೆ ಬೆಂಚಿನ ಮೇಲೆ ಕೂತವರನ್ನು ಒಳಗೆ ಕರೆದದ್ದು ಎರಡು ಗಂಟೆಗೆ. ಅಧಿಕಾರಿ ಚಿಕ್ಕ ವಯಸ್ಸಿನವನು. ಪೂಜಿತಾ ಹಿಂದಿಯಲ್ಲಿ ಎಲ್ಲ ಹೇಳಿದಳು. ಪುಂಡರೀಕಾಕ್ಷ ಗೋಣಿಯ ವಿಷಯ ಹೇಳಿದ. ರೆಕಾರ್ಡಿಂಗ್ ಕೇಳಿಸಿದರು.

"ಉನ್ನೀಸ್ ಸಾಲ್?" ಎಂದ ಅಧಿಕಾರಿ. "ಔರ್ ಪ್ರೂಫ್ ಕ್ಯಾ ಹೈ, ಯೇ ಗಾನಾ?" ಅಜಾಗ್ರತೆ ಎಂದು ನೀವೇ ಹೆಬ್ಬೆಟ್ಟು ಒತ್ತಿದ್ದೀರಿ, ಹಳೆಯ ಫೈಲು ಹುಡುಕಬೇಕು, ಹದಿನೈದು ದಿನ ಬಿಟ್ಟು ಬನ್ನಿ ಎಂದ.

"ಹದಿನೈದು ದಿನ ಇಲ್ಲೇ ಕೂರ್ತೇನೆ ಅಂತ ಹೇಳು," ಎಂದಳು ಅಕ್ಕು. "ಕೆಲಸ ಹೇಗೂ ಇಲ್ಲ."

ಪೂಜಿತಾ ಹೇಳಿದಳು. ಅಧಿಕಾರಿ ಮೊದಲು ನಕ್ಕ. ಅಕ್ಕು ನಗಲಿಲ್ಲ, ಏಳಲೂ ಇಲ್ಲ. ಪುಂಡರೀಕಾಕ್ಷ ಚೀಲದಿಂದ ನೀರಿನ ಬಾಟಲಿ ತೆಗೆದು ಕಾಲ ಬಳಿ ಇಟ್ಟುಕೊಂಡ. ಹೊರಗೆ ಇನ್ನೂ ಏಳೆಂಟು ಜನ ಕಾಯುತ್ತಿದ್ದರು. ಅಧಿಕಾರಿ ಗಡಿಯಾರ ನೋಡಿದ. ಬೇಸರದಿಂದ ಒಂದು ಬಿಳಿ ಹಾಳೆ ಎಳೆದುಕೊಂಡ.

"ಮರನೇವಾಲೀ ಕಾ ನಾಮ್?" ಸತ್ತವಳ ಹೆಸರು ಕೇಳಿದ.

ಮೂವರೂ ಒಟ್ಟಿಗೇ ಹೇಳಿದರು.

"ಕೋಯೀ ಏಕ್ ಬೋಲೋ," ಒಂದು ಬೆರಳು ಎತ್ತಿ ಎಂದ ಅಧಿಕಾರಿ.

ಮೂವರೂ ಮತ್ತೆ ಒಟ್ಟಿಗೇ ಹೇಳಿದರು.