ಎರಡೂ ಎಡತೋಳು

ಮೂವತ್ತು ವರ್ಷ ಕತ್ತರಿ ಹಿಡಿದ ದರ್ಜಿ ಒಂದು ಮಂಗಳವಾರ ಬೆಳಿಗ್ಗೆ ಸಾದಾ ಪ್ಯಾಂಟಿನ ಬಟ್ಟೆ ಮುಂದೆ ನಿಂತು ಬೆವತುಹೋದ ಅಂದರೆ ನಂಬುತ್ತೀರಾ? ಅದೂ ಅಂಥಿಂಥ ದರ್ಜಿಯಲ್ಲ. ಬಟ್ಟೆ ಹರಡಿದ್ದೇ ತಡ ಸರಕ್ಕನೆ ಕತ್ತರಿಸಿಬಿಡುತ್ತಾನೆ ಅಂತ ಬೀದಿಗೆ ಬೀದಿಯೇ ‘ಸರಕ್ ಮಾಸ್ಟರ್’ ಅಂತ ಕರೆಯುತ್ತಿದ್ದ ಆಸಾಮಿ. ಎದೆ ಡವಡವ, ಕೈ ತಣ್ಣಗೆ, ‘ಕೆಡಿಸಿಬಿಡ್ತೀಯ, ಕೆಡಿಸಿಬಿಡ್ತೀಯ’ ಅಂತ ತಲೆಯೊಳಗೆ ಒಂದೇ ರಾಗ. ಇನ್ನೊಂದು ಸಲ ಅಳೆದ. ಅರೆಗಳಿಗೆ ಹಾಯೆನಿಸಿತು, ಮತ್ತೆ ಅದೇ ಕತೆ. ಸಂಜೆಯೊಳಗೆ ಆ ಒಂದು ಪ್ಯಾಂಟನ್ನು ಹದಿನಾಲ್ಕು ಸಲ ಅಳೆದಿದ್ದ. ಹಿಂದೆಂದಾದರೂ ದೊಡ್ಡ ಎಡವಟ್ಟಾಗಿತ್ತಾ ಅಂದರೆ ಅದೂ ಇಲ್ಲ.

ಎರಡು ತಿಂಗಳು ಇದೇ ಪಾಡಾದ ಮೇಲೆ, ಹೃದಯವೇ ಕೈಕೊಟ್ಟಿದೆ ಅಂತ ಡಾಕ್ಟರ ಹತ್ತಿರ ಓಡಿದ. ಅವರು ಎಲ್ಲ ಪರೀಕ್ಷೆ ಮಾಡಿ, ನಿಮ್ಮ ಹೃದಯ ನನ್ನದಕ್ಕಿಂತ ಗಟ್ಟಿಯಾಗಿದೆ, ಇದು ಆತಂಕದ ಕಾಯಿಲೆ, ಆಪ್ತಸಮಾಲೋಚಕರನ್ನು ನೋಡಿ ಅಂದರು. ಮಾಸ್ಟರಿಗೆ ಸಿಟ್ಟು ಬಂತು. ತನಗೇನು ತಲೆ ಕೆಟ್ಟಿದೆಯಾ ಅಂತ ಮನೆಗೆ ಬಂದು ಕೂಗಾಡಿದ. ಗುಂಡಿಯ ಕಾಜಾ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. ನಿಮ್ಮ ತಲೆ ನೆಟ್ಟಗಿದೆ, ಎರಡು ತಿಂಗಳಿಂದ ಕೆಟ್ಟಿರುವುದು ನನ್ನದು ಅಂದಳು.

ಅವನನ್ನು ಕೊನೆಗೆ ಹೊರಡಿಸಿದ್ದು ಮಗಳು. ವಕೀಲಿಕೆ ಓದಿ ಮುಗಿಸಿದ್ದಳು. ಕೋರ್ಟಿಗೆ ಹೋಗುವ ಮೊದಲ ದಿನ ಅಪ್ಪ ಹೊಲಿದ ಕರಿಕೋಟನ್ನೇ ಹಾಕಬೇಕು ಅಂತ ಚಿಕ್ಕಂದಿನಿಂದ ಹಟ. ಒಂದೇ ಮಗ್ಗುಲಿಗೆ ಹೊಳಪಿದ್ದ ಕಪ್ಪು ಬಟ್ಟೆ, ಅಂಗಡಿಯಲ್ಲಿ ಉಳಿದಿದ್ದ ಕಡೇ ತುಂಡನ್ನು ತಾನೇ ಆರಿಸಿ ತಂದಿದ್ದಳು. ಅದು ಮೂರು ವಾರ ಮಡಿಕೆ ಬಿಚ್ಚದೆ ಕಪಾಟಿನಲ್ಲಿ ಕೂತಿತ್ತು. ಒಂದು ದಿನ ಮೆಲ್ಲಗೆ ಅಂದಳು, “ಅಪ್ಪ, ಕಷ್ಟ ಆದ್ರೆ ಬಿಡಿ, ನಾನು ರೆಡಿಮೇಡ್ ತಗೋತೀನಿ.” ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮಾರನೇ ದಿನವೇ ಮಾಸ್ಟರ್ ಸಮಾಲೋಚಕಿಯ ಬಾಗಿಲು ತಟ್ಟಿದ.

ಆಕೆ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಮಾತ್ರೆಯಿಲ್ಲ, ಉಪದೇಶವಿಲ್ಲ, ಬರೀ ಕೇಳುವುದು. ಹದಿನಾಲ್ಕನೇ ಸಲ ಅಳೆದಾಗ ಅಳತೆ ಬದಲಾಗಿತ್ತಾ ಅಂತ ಕೇಳಿದಳು. ಇಲ್ಲ ಅಂದ. ಹಾಗಾದರೆ ನೀವು ಬಟ್ಟೆ ಅಳೆಯುತ್ತಿಲ್ಲ, ಭಯಕ್ಕೆ ತುತ್ತು ಕೊಡುತ್ತಿದ್ದೀರಿ, ಕೊಟ್ಟಷ್ಟೂ ಅದು ಮತ್ತೆ ಬಂದು ಕೂರುತ್ತದೆ ಅಂದಳು. ಆಮೇಲೆ ಸ್ಕೂಲ್ ಮೇಡಂ ಥರ ಹೋಂವರ್ಕ್ ಕೊಟ್ಟಳು: ಎರಡೇ ಸಲ ಅಳೆಯಬೇಕು. ಭಯ ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ ಅಂತ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆಯಬೇಕು. ಓಡಿಹೋಗದೆ, ಉಸಿರು ನಿಧಾನ ಬಿಡುತ್ತಾ ಅಲ್ಲೇ ನಿಂತು, ಆ ಅಂಕಿ ತಾನಾಗಿ ಇಳಿಯುವುದನ್ನು ನೋಡಬೇಕು. ಇನ್ನೊಂದು, ತನ್ನದೇ ಅಂಗಿಗೆ ಬೇಕಂತಲೇ ಬೇರೆ ಬಣ್ಣದ ಗುಂಡಿ ಹೊಲಿದುಕೊಂಡು ಊರೆಲ್ಲ ತಿರುಗಬೇಕು.

ಬಿಳಿ ಅಂಗಿಗೆ ಕೆಂಪು ಗುಂಡಿ. ಮೊದಲ ದಿನ ಜೀವ ಬಾಯಿಗೆ ಬಂದಿತ್ತು. ಮೂರನೇ ದಿನಕ್ಕೂ ಯಾರೊಬ್ಬರೂ ಕೇಳದಿದ್ದಾಗ ಮಾಸ್ಟರಿಗೆ ಅವಮಾನವೇ ಆಯಿತು. ಈ ಊರಲ್ಲಿ ಕಣ್ಣಿರೋರು ಯಾರೂ ಇಲ್ವಾ ಅಂತ ಗೊಣಗಿದ. ಅಂಗಡಿಯ ಮೇಜಿನ ತುಂಬ ಅಂಕಿಗಳಾದವು. ಹೆಂಡತಿ ದಿನಾ ಸಂಜೆ ಬೈದುಕೊಂಡು ಒದ್ದೆಬಟ್ಟೆಯಲ್ಲಿ ಒರೆಸುತ್ತಿದ್ದಳು. ಪ್ಯಾಂಟಿಗೆ ಏಳು ಇದ್ದದ್ದು ಆರು ವಾರದಲ್ಲಿ ಮೂರಕ್ಕೆ ಬಂತು.

ಸೋಮವಾರ ಕೋರ್ಟು ಅಂದರೆ ಭಾನುವಾರ ಬೆಳಿಗ್ಗೆ ಕಪ್ಪು ಬಟ್ಟೆಯ ಮಡಿಕೆ ಬಿಚ್ಚಿದ. ಎರಡು ಸಲ ಅಳೆದ. ಟೇಪನ್ನು ಹೆಂಡತಿಯ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡ ಅಂದ. ಒಂಬತ್ತು ಅಂತ ಬರೆದ. ನಿಂತ. ಎಂಟು. ಆರು. ಕತ್ತರಿ ಎತ್ತಿದ. ಬೆನ್ನು, ಎದೆ, ಕಾಲರು, ಎಲ್ಲ ಸರಕ್ ಸರಕ್ ಅಂತ ಬಂದವು. ಹಳೇ ಕೈ ವಾಪಸ್ಸು ಬಂದ ಖುಷಿಯಲ್ಲಿ ಶಿಳ್ಳೆ ಹಾಕುತ್ತಾ ತೋಳುಗಳನ್ನೂ ಕತ್ತರಿಸಿದ. ಹೆಂಡತಿ ತೋಳುಗಳನ್ನು ಎತ್ತಿ ಜೋಡಿಸಿ ನೋಡಿದವಳು ತುಟಿ ಕಚ್ಚಿದಳು.

“ರೀ, ಎರಡೂ ಎಡತೋಳು.”

ಕಸುಬು ಕಲಿಯುವವರು ಮೊದಲ ವಾರದಲ್ಲಿ ಮಾಡಿ ಬೈಸಿಕೊಳ್ಳುವ ತಪ್ಪು. ಒಂದು ತೋಳು ಕತ್ತರಿಸಿದ ಮೇಲೆ ಮಾದರಿ ಕಾಗದ ಮಗುಚಿ ಇಡುವುದನ್ನೇ ಮಾರಾಯ ಮರೆತಿದ್ದ. ಹೊಳಪು ಒಂದೇ ಮಗ್ಗುಲಿಗೆ, ಬಟ್ಟೆ ತಿರುವಿ ಹಾಕುವಂತೆಯೂ ಇರಲಿಲ್ಲ. ಇಷ್ಟು ತಿಂಗಳಿಂದ ಹೆದರಿದ್ದು ಕಣ್ಣೆದುರು ಆಗಿಯೇ ಹೋಗಿತ್ತು, ಅದೂ ಮಗಳ ಕೋಟಿನಲ್ಲಿ. ಎದೆ ಮತ್ತೆ ಡವಡವ. ಬಾಗಿಲ ಕಡೆ ಹೆಜ್ಜೆ ಎತ್ತಿದವನು ತಿರುಗಿ ಬಂದು, ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಹತ್ತು ಅಂತ ಬರೆದ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಇಬ್ಬರೂ ಆ ಹತ್ತನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ ಅದು ಎಂಟಾಯಿತು. ಐದಕ್ಕೆ ಬರುವಷ್ಟರಲ್ಲಿ ಮಾಸ್ಟರಿಗೆ ನಗು ಬಂತು. ಅವಳಿಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೋಟಿನ ತೋಳಿಗೆ ಎರಡು ಭಾಗ. ಉಳಿದ ಬಟ್ಟೆಯಲ್ಲಿ ಬಲತೋಳಿನ ಹೊರಭಾಗ ಸಿಕ್ಕಿತು. ಮೈಗೆ ತಾಗುವ ಒಳಭಾಗಕ್ಕೆ ಗೇಣಗಲ ಕಡಿಮೆ ಬಿತ್ತು. ತಪ್ಪಿದ ತೋಳಿನಿಂದಲೇ ತುಂಡು ತೆಗೆದು ಸೇರಿಸಿದ. ಕೈ ಇಳಿಬಿಟ್ಟರೆ ಯಾರ ಕಣ್ಣಿಗೂ ಬೀಳದ ಜಾಗ, ಆದರೂ ಮಗಳಿಗೆ ಅವನೇ ತೋರಿಸಿದ. “ಇಲ್ಲೊಂದು ಜೋಡಣೆ ಇದೆ ನೋಡು. ನಿಮ್ಮಪ್ಪ ಹತ್ತರಲ್ಲಿ ನಿಂತು, ಇಳಿದ ಮೇಲೆ ಹೊಲಿದದ್ದು.” ಮಗಳು ಅದರ ಮೇಲೆ ಬೆರಳಾಡಿಸಿ ನೋಡಿದಳು.

ಸೋಮವಾರ ಸಂಜೆ ಅವಳು ಕೋಟಿನಲ್ಲೇ ನೇರ ಅಂಗಡಿಗೆ ಬಂದಳು. ಚೀಲ ಇಳಿಸಿ, ಅಪ್ಪನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಮೇಜಿನ ಮೇಲೆ ಬರೆದಳು: ಹತ್ತು, ಏಳು, ನಾಲ್ಕು.

“ಜಡ್ಜ್ ಮುಂದೆ ಬಾಯಿ ಒಣಗಿ ಹೋಗಿತ್ತು ಅಪ್ಪ,” ಅಂದಳು. “ಆ ಜೋಡಣೆ ಹಿಡ್ಕೊಂಡು ನಿಂತೆ. ಇಳೀತು.”

ಹೆಂಡತಿ ಎಂದಿನಂತೆ ಒದ್ದೆಬಟ್ಟೆ ತಂದು ಮೇಜು ಒರೆಸಿದಳು. ಆ ಮೂರು ಅಂಕಿಗಳನ್ನು ಮಾತ್ರ ಹಾಗೇ ಬಿಟ್ಟಳು.